ಏಳನೆಯ ಹಂತದ ಆನೆ

ಅಕ್ಟೋಬರ್ ೫, ಸೋಮವಾರ

ಈ ದಿನ ಸಂಜೆ, ನನ್ನದೇ ಮನೆಯ ನಡುಕೋಣೆಯಲ್ಲಿ, ಪರದೆ ಎಳೆದು, ಬಾಗಿಲಿಗೆ ಚಿಲಕ ಹಾಕಿ, ಪೂರ್ಣ ಎಚ್ಚರದಲ್ಲಿ ಮತ್ತು ಯಾರ ಒತ್ತಾಯವೂ ಇಲ್ಲದೆ ನಾನು ಒಂದು ಅಪರಾಧ ಎಸಗಿದ್ದೇನೆ. ಆರು ವರ್ಷದ ಹೆಣ್ಣುಮಗುವೊಂದರ ವೇಷ ಧರಿಸಿದ್ದೇನೆ. ವೇಷವೆಂದರೆ ಲಂಗ ತೊಟ್ಟು ಜಡೆ ಹಾಕಿಕೊಂಡದ್ದಲ್ಲ. ಜಡೆಗೆ ಬೇಕಾದ ಸಾಮಗ್ರಿ ನನ್ನ ತಲೆಯಲ್ಲಿ ಉಳಿದಿಲ್ಲ. ಕೇವಲ ತೋರುಬೆರಳಿನಿಂದ ವೇಷ ಹಾಕಿದ್ದೇನೆ. ಆ ಮಗು ನನ್ನ ಸ್ವಂತ ಮಗಳೇ ಆಗಿರುವುದರಿಂದ ಶಿಕ್ಷೆಯಲ್ಲಿ ಏನಾದರೂ ರಿಯಾಯಿತಿ ಸಿಕ್ಕೀತೆಂಬ ಆಸೆಯಿದೆ.

ತನಿಖಾಧಿಕಾರಿಗಳ ಅನುಕೂಲಕ್ಕಾಗಿ ಹಿನ್ನೆಲೆ. ನಾನು ಮಕ್ಕಳ ಆಟ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಪ್ರಾಣಿಗಳ ಮಾತು ಬರೆಯುವವನು. ಕರಡಿ ಬಿದ್ದರೆ ಏನನ್ನಬೇಕು, ಬಾತು ಗೆದ್ದರೆ ಏನನ್ನಬೇಕು, ಇದೇ ನನ್ನ ಹೊಟ್ಟೆಪಾಡು. ಎಂ.ಎ. ಓದಿ ಕೊನೆಗೆ ಆನೆಯ ಬಾಯಲ್ಲಿ ಕೂತಿದ್ದೇನೆ. ನಮ್ಮ ಹೊಸ ಆಟದ ಹೆಸರು ಇನ್ನೂ ತೀರ್ಮಾನವಾಗಿಲ್ಲ, ಸದ್ಯಕ್ಕೆ ‘ಹಲಗೆ ಆಟ’ ಎನ್ನುತ್ತೇವೆ. ಟ್ಯಾಬ್ಲೆಟ್ಟಿನ ಪರದೆಯಲ್ಲಿ ಒಂದು ಬಂಡೆ, ಅದರ ಮೇಲೆ ಒಂದು ಉದ್ದನೆಯ ಹಲಗೆ. ಕೊಟ್ಟ ಪ್ರಾಣಿಗಳನ್ನೆಲ್ಲ ಬೆರಳಿನಿಂದ ಎಳೆದು ಅದರ ಮೇಲೆ ನಿಲ್ಲಿಸಬೇಕು. ಹಲಗೆ ವಾಲದೆ ನಿಂತರೆ ಗಂಟೆ ಬಾರಿಸುತ್ತದೆ, ನಕ್ಷತ್ರ ಸಿಗುತ್ತದೆ. ಮಕ್ಕಳಿಗೆ ತೂಕ, ಸಮತೋಲನ, ತಾಳ್ಮೆ ಕಲಿಸುವ ಆಟ ಎಂದು ಜಾಹೀರಾತಿನಲ್ಲಿ ಬರೆಯುತ್ತಾರಂತೆ. ಬರೆಯುವವನು ನಾನೇ.

ಆರು ವರ್ಷದ ಮಕ್ಕಳಿರುವ ನೌಕರರೆಲ್ಲ ಒಂದೊಂದು ಟ್ಯಾಬ್ಲೆಟ್ ಮನೆಗೆ ಒಯ್ದು, ಸಂಜೆ ಹೊತ್ತು ಮಗುವಿನ ಕೈಗೆ ಕೊಟ್ಟು, ಸುಮ್ಮನೆ ದೂರ ಕೂರಬೇಕು. ಮಗು ಎಲ್ಲಿ ಏನಿಟ್ಟಿತು, ಎಷ್ಟು ಹೊತ್ತು ಯೋಚಿಸಿತು ಎಂಬುದೆಲ್ಲ ತಾನಾಗಿ ಆಫೀಸಿಗೆ ಹೋಗುತ್ತದೆ. ನನ್ನ ಮಗಳು ಪಿಟೀಲು (ಹಸುಗೂಸಾಗಿದ್ದಾಗ ಅವಳು ಅಳುತ್ತಿದ್ದ ಶ್ರುತಿಯಿಂದ ಬಂದ ಹೆಸರು) ಶನಿವಾರದಿಂದ ಅಜ್ಜಿ ಮನೆಯಲ್ಲಿದ್ದಾಳೆ, ತಾಯಿಯ ಜೊತೆ. ಮಗು ಊರಲ್ಲಿಲ್ಲ ಎಂದು ಆಫೀಸಿನಲ್ಲಿ ಹೇಳಬಹುದಿತ್ತು. ಹೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ನಾನು ಏನಾದರೊಂದು ಹೇಳಬೇಕು. ಅದಕ್ಕಿಂತ ನಾನೇ ಮಗುವಾಗುವುದು ಸುಲಭ ಅನ್ನಿಸಿತು.

ಸುಲಭವೇನೂ ಅಲ್ಲ ಎಂಬುದನ್ನೂ ದಾಖಲಿಸುತ್ತೇನೆ. ದೊಡ್ಡವನಂತೆ ಪಟಪಟ ಗೆದ್ದರೆ ಸಿಕ್ಕಿಬೀಳುತ್ತೇನೆ. ಎಡವಬೇಕು, ತಡವರಿಸಬೇಕು, ಆನೆಯನ್ನು ತಪ್ಪು ಜಾಗದಲ್ಲಿ ಇಡಬೇಕು. ಕಾಲೇಜಿನ ನಾಟಕಗಳಲ್ಲಿ ನನಗೆ ಯಾವಾಗಲೂ ಕಾವಲುಗಾರನ ಪಾತ್ರ ಕೊಡುತ್ತಿದ್ದರು. ಇವತ್ತು ನೋಡಬೇಕಿತ್ತು ಅವರು. ಪಾತ್ರೆ ತೊಳೆಯುವುದನ್ನು ಬಿಟ್ಟು ಪಾತ್ರ ಮಾಡಿದ್ದೇನೆ. ಏಳನೆಯ ಹಂತದಲ್ಲಿ ಎಷ್ಟು ಸಹಜವಾಗಿ ಸೋತೆನೆಂದರೆ ನನಗೇ ನಂಬಿಕೆ ಬಂತು.

ಅಕ್ಟೋಬರ್ ೬, ಮಂಗಳವಾರ

ಯಾಕೆ ಎಂಬುದನ್ನು ಇಲ್ಲಾದರೂ ಬರೆಯುತ್ತೇನೆ, ಇಲ್ಲಿ ಯಾರೂ ಕೇಳುವುದಿಲ್ಲವಾದ್ದರಿಂದ.

ನನ್ನ ಹೆಂಡತಿ ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹೊಂದುವ ಹಲ್ಲುಸೆಟ್ಟು ಮಾಡಿ ಕೊಡುತ್ತಾಳೆ. ಈ ಊರಿನ ಅರ್ಧದಷ್ಟು ಮುದುಕರ ನಗು ಅವಳ ಕೈಕೆಲಸ. ಅವಳ ಕಂಪನಿಯವರು ಬೇರೊಂದು ಊರಿನಲ್ಲಿ ಹೊಸ ಕಾರ್ಯಾಗಾರ ತೆರೆಯುತ್ತಿದ್ದಾರೆ, ಇಡೀ ದಿನದ ರೈಲು ಪ್ರಯಾಣದಷ್ಟು ದೂರ. ಅದನ್ನು ನೀವೇ ನಡೆಸಿ ಎಂದು ಇವಳಿಗೆ ಹೇಳಿದ್ದಾರೆ. ಇಪ್ಪತ್ತೈದನೆಯ ತಾರೀಖು, ಭಾನುವಾರ, ಅವಳು ಹೂಂ ಅಥವಾ ಊಹೂಂ ಅನ್ನಬೇಕು.

ಹೋದ ವಾರ ಬಟ್ಟೆ ಮಡಿಸುತ್ತ ಕೇಳಿದಳು, “ರೀ, ನಾನು ಹೋದ್ರೆ ನೀವು ಬರ್ತೀರಾ, ಇಲ್ವಾ?”

ನಾನಂದೆ, “ನೀನು ಅಲ್ಲಿ ಹಲ್ಲು ಕಟ್ತಾ ಇರು, ನಾನು ಇಲ್ಲಿ ಹಲ್ಲು ಬಿಡ್ತಾ ಇರ್ತೀನಿ.”

ಒಳ್ಳೆಯ ಮಾತು. ಈಗಲೂ ಒಳ್ಳೆಯ ಮಾತೆಂದೇ ಅನ್ನಿಸುತ್ತದೆ. ಅವಳು ನಗಲಿಲ್ಲ. ಮತ್ತೆ ಕೇಳಿದಳು, ನನ್ನಲ್ಲಿ ಇನ್ನೊಂದು ಸಿದ್ಧವಿತ್ತು, ಕೊಟ್ಟೆ. ಮೂರನೆಯ ಸಲ ನನ್ನನ್ನು ಕೇಳಲಿಲ್ಲ, ಬೀರುವಿನ ಮೇಲಿದ್ದ ಸೂಟ್‌ಕೇಸನ್ನು ಕೇಳಿದಳು. ಅದು ತಕ್ಷಣ ಕೆಳಗಿಳಿದು ಬಾಯಿ ತೆರೆಯಿತು. ಮೆಟ್ಟಿಲಿಳಿಯುವಾಗ ಹೇಳಿದ್ದು ಇಷ್ಟು: “ನಿಮಗೆ ಯಾವತ್ತು ನೆಟ್ಟಗೆ ಒಂದು ಮಾತು ಹೊಳೆಯುತ್ತೋ ಅವತ್ತು ಫೋನ್ ಮಾಡಿ. ತಮಾಷೆ ಹೊಳೆದ್ರೆ ಬೇಡ.”

ಬಗೆಬಗೆಯ ತಮಾಷೆ ಹೊಳೆದಿದೆ. ಅದಕ್ಕೇ ಫೋನ್ ಮಾಡಿಲ್ಲ.

ನನಗೆ ಹೋಗಲು ಇಷ್ಟವಿಲ್ಲವೇ? ಹಾಗೇನಿಲ್ಲ. ಇಷ್ಟವಿದೆಯೇ? ಹಾಗೂ ಏನಿಲ್ಲ. ಇಲ್ಲಿ ನನಗೊಂದು ಕುರ್ಚಿಯಿದೆ, ನನ್ನ ಮಾತಿಗೆ ನಗುವ ನಾಲ್ಕು ಜನರಿದ್ದಾರೆ, ಅದರಲ್ಲಿ ಇಬ್ಬರಿಗೆ ಅದು ಕೆಲಸದ ಭಾಗ. ಅಲ್ಲಿ ನಾನು ಯಾರು? ಹಲ್ಲಿನ ಮೇಡಮ್ಮಿನ ಗಂಡ. ಅಥವಾ ಅದೇ ಒಳ್ಳೆಯದಿರಬಹುದು. ಗೊತ್ತಾಗುತ್ತಿಲ್ಲ.

ಏಳನೆಯ ಹಂತ: ಬೇಕೆಂದೇ ಸೋತೆ.

ಅಕ್ಟೋಬರ್ ೮, ಗುರುವಾರ

ಜಯಭೇರಿ. ಇವತ್ತಿನ ಸಭೆಯಲ್ಲಿ ಪಿಟೀಲಿನ ಆಟವನ್ನು ಎಲ್ಲರೂ ಹೊಗಳಿದರು, ಅಂದರೆ ನನ್ನನ್ನು.

ನಮ್ಮಲ್ಲಿ ಮಕ್ಕಳ ಮನಸ್ಸು ಓದುವ ಒಬ್ಬ ಮೇಡಂ ಇದ್ದಾರೆ. ಅದರಲ್ಲೇ ಡಾಕ್ಟರೇಟು ಮಾಡಿದವರು. ಸದಾ ಪೆನ್ನಿನ ಮುಚ್ಚಳ ಕಚ್ಚುತ್ತಿರುತ್ತಾರೆ. ಗೋಡೆಯ ಪರದೆಯ ಮೇಲೆ ಮಕ್ಕಳ ಆಟ ಓಡಿಸಿ ತೋರಿಸಿದರು. ಮಗುವಿನ ಬೆರಳು ಎಲ್ಲಿದೆಯೋ ಅಲ್ಲೊಂದು ಬಿಳಿ ಚುಕ್ಕೆ ಓಡಾಡುತ್ತದೆ. ಆಮೇಲೆ ನನ್ನ ಚುಕ್ಕೆ ಬಂತು.

“ನಿಮ್ಮ ಮಗಳ ಆಟ ತುಂಬ ಸಹಜವಾಗಿದೆ,” ಎಂದರು ಮೇಡಂ. “ಬೇರೆ ಮನೆಗಳಲ್ಲಿ ಅಪ್ಪ-ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಡೋದು ಗೊತ್ತಾಗುತ್ತೆ. ಇಲ್ಲಿ ದೊಡ್ಡವರ ಬುದ್ಧಿಯ ಸುಳಿವೇ ಇಲ್ಲ.”

“ನಾನು ಕೈ ಹಾಕೋದೇ ಇಲ್ಲ ಮೇಡಂ,” ಎಂದೆ.

ಆಟದೊಳಗಿನ ಭೌತಶಾಸ್ತ್ರ ನೋಡಿಕೊಳ್ಳುವವರಿಗೆ ನಾವು ಗುರುತ್ವರಾಯರು ಎನ್ನುತ್ತೇವೆ. ಯಾವ ಪ್ರಾಣಿ ಎಷ್ಟು ಭಾರ, ಹಲಗೆ ಎಷ್ಟು ಜಾರು, ಎಲ್ಲ ಅವರ ಕೀಲಿಮಣೆಯಲ್ಲಿ. ಭೂಮಿಯ ಆಕರ್ಷಣೆಯನ್ನೇ ಇಟ್ಟುಕೊಂಡವರಿಗೆ ಸ್ವಂತ ಆಕರ್ಷಣೆ ಕಡಿಮೆ. ಅವರು ಕನ್ನಡಕ ಒರೆಸುತ್ತ, “ಏಳನೇದರಲ್ಲಿ ಯಾಕೆ ಸಿಕ್ಕಿಹಾಕ್ಕೊಂಡಿದೆ ಈ ಮಗು? ಎಲ್ಲರೂ ಎರಡು ಮೂರು ಸಲಕ್ಕೆ ದಾಟಿದ್ದಾರೆ,” ಎಂದರು.

ಸ್ವಲ್ಪ ಅತಿಯಾಗಿ ನಟಿಸಿದೆನೋ ಏನೋ. ಇವತ್ತು ಗೆದ್ದುಬಿಡೋಣ ಎಂದುಕೊಂಡು ಮನೆಗೆ ಬಂದೆ. ಬ್ರೆಡ್ಡು ತಿಂದು ಕೂತೆ. ಹಂತ ಇಷ್ಟೇ: ನದಿಯ ನಡುವೆ ಬಂಡೆ, ಬಂಡೆಯ ಮೇಲೆ ಹಲಗೆ, ದಡದಲ್ಲಿ ಒಂದು ಆನೆ, ಒಂದು ಕರಡಿ, ಒಂದಷ್ಟು ಬಾತುಗಳು. ಆನೆಯನ್ನು ಒಂದು ಕಡೆ ಇಟ್ಟೆ. ಹಲಗೆ ಅತ್ತ ವಾಲಿತು. ಆನೆ ನೀರಿನತ್ತ ಇಳಿಯತೊಡಗಿತು. ಸಟ್ಟನೆ ತೆಗೆದು ನಡುವೆ ಇಟ್ಟೆ, ಹಲಗೆ ಸರಿಯಾಯಿತು. ಆನೆಯ ಮೇಲೆ ಕರಡಿ, ಕರಡಿಯ ಮೇಲೆ ಬಾತು. ಅಲುಗಾಡಲಿಲ್ಲ. ಇನ್ನೊಂದು ಬಾತು. ಎಲ್ಲ ಕುಸಿಯಿತು.

ಕೊನೆಗೆ, ನಟನೆಯಲ್ಲಿ ಏಕಾಏಕಿ ಬದಲಾವಣೆ ತೋರಿಸಿದರೆ ಅನುಮಾನ ಬರುತ್ತದೆಂದು ಇವತ್ತೂ ಬೇಕೆಂದೇ ಸೋತೆ.

ಅಕ್ಟೋಬರ್ ೧೧, ಭಾನುವಾರ

ಫೋನ್ ಮಾಡಿದೆ. ಅತ್ತೆ ಎತ್ತಿದರು.

“ಚೆನ್ನಾಗಿದ್ದೀರಾ? ಊಟಕ್ಕೆ ಏನ್ ಮಾಡ್ಕೋತಿದ್ದೀರಿ?”

“ತಪ್ಪು ಮಾಡ್ಕೋತಿದ್ದೀನಿ ಅತ್ತೆ.”

ಅತ್ತೆ ನಕ್ಕರು. ಅವರು ಒಬ್ಬರಾದರೂ ನಗುತ್ತಾರೆ. ಆಮೇಲೆ ಪಿಟೀಲು ಬಂದು, ಅಜ್ಜಿಯ ಮನೆಯ ಬೆಕ್ಕಿಗೆ ಮರಿ ಹುಟ್ಟಿದ ವಿಷಯವನ್ನು ಮೂರು ಬೇರೆ ಬೇರೆ ಧ್ವನಿಗಳಲ್ಲಿ ಹೇಳಿದಳು. ಆಮೇಲೆ ನನ್ನ ಹೆಂಡತಿ.

“ಯೋಚನೆ ಮಾಡಿದ್ರಾ?”

“ಮಾಡ್ತಾನೇ ಇದ್ದೀನಿ. ಯೋಚನೆಗೂ ಯಾಚನೆಗೂ ಒಂದು ಅಕ್ಷರ ವ್ಯತ್ಯಾಸ ನೋಡು.”

ಆ ಕಡೆ ಸ್ವಲ್ಪ ಹೊತ್ತು ಬೆಕ್ಕಿನ ಮರಿಗಳ ಸದ್ದು ಕೇಳಿಸುತ್ತಿತ್ತು. ಆಮೇಲೆ ಅದೂ ಇಲ್ಲ.

ಅಕ್ಟೋಬರ್ ೧೩, ಮಂಗಳವಾರ

ಬಹಳ ಕೋಪ ಬಂದಿದೆ.

ಮಧ್ಯಾಹ್ನ ಮೇಡಂ ನನ್ನನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಪೆನ್ನಿನ ಮುಚ್ಚಳ ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. ಗಂಭೀರ ವಿಷಯ ಎಂದು ಆಗಲೇ ಅರ್ಥವಾಯಿತು.

“ನೀವು ತಪ್ಪು ತಿಳಿಯಬಾರದು. ಮನೆಯಲ್ಲಿ ಎಲ್ಲ ಸರಿಯಿದೆಯಾ?”

“ಸರಿಯಿದೆ. ಯಾಕೆ?”

“ನಿಮ್ಮ ಮಗಳು ಆನೆಯನ್ನ ಒಂದು ಪಕ್ಕಕ್ಕೆ ಇಡ್ತಾಳೆ. ಹಲಗೆ ಚೂರು ವಾಲಿದ ತಕ್ಷಣ ವಾಪಸ್ ತಗೋತಾಳೆ. ಎಲ್ಲಾ ನಡುವೆ ತಂದು ಪೇರಿಸ್ತಾಳೆ. ಅದು ಬೀಳುತ್ತೆ. ಮತ್ತೆ ಹಾಗೇ ಮಾಡ್ತಾಳೆ. ದಿನಾ. ಆರು ವರ್ಷದ ಮಕ್ಕಳಿಗೆ ವಾಲೋದು ಅಂದ್ರೆ ಖುಷಿ ಸರ್. ಈ ಮಗೂಗೆ ಭಯ.” ಮುಚ್ಚಳವನ್ನು ಮೇಜಿನ ಮೇಲೆ ಉರುಳಿಸುತ್ತ ಹೇಳಿದರು, “ಮನೇಲಿ ದೊಡ್ಡವರು ಎರಡು ಕಡೆಯಾದಾಗ ಕೆಲವು ಮಕ್ಕಳು ಹೀಗಾಗ್ತಾರೆ. ಯಾವ ಕಡೆಗೂ ಹೋಗಲ್ಲ.”

ನನ್ನ ಮಗಳ ಬಗ್ಗೆ ಹೀಗೆಲ್ಲ. ಅವಳು ಮೂರು ಮೆಟ್ಟಿಲ ಮೇಲಿಂದ ಹಾರಿ ಎರಡು ಹಲ್ಲು ಮುರಿದುಕೊಂಡು, ತಾಯಿಗೆ “ನೀನೇ ಮಾಡ್ಕೊಡು” ಎಂದವಳು. ಅಂಥವಳಿಗೆ ಭಯವಂತೆ. ನಾನು ಗಟ್ಟಿಯಾಗಿ ಹೇಳಿದೆ, “ನನ್ನ ಮಗಳಿಗೆ ಯಾವ ಭಯವೂ ಇಲ್ಲ ಮೇಡಂ. ಅವಳು ಬೇಕೆಂದೇ ಹಾಗೆ ಆಡ್ತಿರಬಹುದು.”

“ಆರು ವರ್ಷಕ್ಕೆ ಬೇಕೆಂದೇ ಸೋಲೋದು ಗೊತ್ತಿರಲ್ಲ ಸರ್. ಅದನ್ನ ನಾವು ಆಮೇಲೆ ಕಲೀತೀವಿ.”

ಆ ಮಾತಿಗೆ ಒಂದು ಒಳ್ಳೆಯ ತಿರುಗೇಟು ಇತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಹುಡುಕಿದೆ, ಸಿಗಲಿಲ್ಲ.

ಅಕ್ಟೋಬರ್ ೧೪, ಬುಧವಾರ

ಏಳನೆಯ ಹಂತ. ಬೇಕೆಂದೇ.

ಅಕ್ಟೋಬರ್ ೧೬, ಶುಕ್ರವಾರ

ವಿಷಯ ಕೈಮೀರುತ್ತಿದೆ. ಒಂದು ಮಗುವಿಗಾಗಿ ಇಡೀ ಆಟವನ್ನೇ ಬದಲಿಸುತ್ತಿದ್ದಾರೆ, ಆ ಮಗು ನಾನು.

ಸಭೆಯಲ್ಲಿ ಕಂಪನಿಯ ಯಜಮಾನರೂ ಇದ್ದರು. ಅವರ ತತ್ತ್ವವೇನೆಂದರೆ, ಒಂದು ಮಗು ಅತ್ತರೂ ಆಟ ಸೋತ ಹಾಗೆ. “ಈ ಮಗು ಹೆದರೋಕೆ ಕಾರಣ ಏನು, ಅದನ್ನ ಹೇಳಿ,” ಎಂದರು. ಮೇಡಂ ಪರದೆಯ ಮೇಲೆ ನನ್ನ ಆಟ ಓಡಿಸಿ, ಹಲಗೆ ವಾಲಿ ಆನೆಯ ಕಾಲು ನೀರಿಗೆ ತಾಕುವ ಕಡೆ ನಿಲ್ಲಿಸಿದರು. ಆನೆಯ ಬಾಯಿಂದ ಮಾತಿನ ಗುಳ್ಳೆ ಎದ್ದಿತ್ತು: “ಅಯ್ಯಯ್ಯೋ, ಮುಳುಗಿದೆ!”

“ಇದೇ ಕಾರಣ,” ಎಂದರು ಮೇಡಂ. “ಆನೆ ಮುಳುಗಲ್ಲ. ಕಾಲು ಒದ್ದೆಯಾಗುತ್ತೆ, ಅಲ್ಲೇ ನಿಲ್ಲುತ್ತೆ. ಆಗ ಕರಡಿ, ಬಾತು ಎಲ್ಲ ಆ ಕಡೆ ತುದಿಗೆ ಇಟ್ಟರೆ ಹಲಗೆ ತಾನಾಗೇ ಏಳುತ್ತೆ. ಆದರೆ ಮಗುವಿಗೆ ಮುಳುಗಿದೆ ಅಂದ್ರೆ ಮುಳುಗಿದೆ. ಯಾರು ಬರೆದದ್ದು ಈ ಸಾಲು?”

ಎಲ್ಲರೂ ನನ್ನತ್ತ ತಿರುಗಿದರು.

ನನಗೆ ಈ ವಿಷಯವೇ ಗೊತ್ತಿರಲಿಲ್ಲ. ಅಂದರೆ, ಕಾಲು ಒದ್ದೆಯಾದ ಮೇಲೂ ಆಟ ಮುಂದುವರಿಯುತ್ತದೆ ಎಂಬುದು. ಸಾಲು ಬರೆಯುವಾಗ ಗುರುತ್ವರಾಯರು ಒಂದು ಚಿತ್ರ ಕಳಿಸಿದ್ದರು, ವಾಲಿದ ಹಲಗೆ, ನೀರಿನ ಹತ್ತಿರ ಆನೆ. ಮುಳುಗುತ್ತಿದೆ ಎಂದು ನಾನೇ ತೀರ್ಮಾನಿಸಿ ಬರೆದುಬಿಟ್ಟಿದ್ದೆ. ನನ್ನದೇ ಮಾತಿಗೆ ಇಷ್ಟು ದಿನ… ಎಂದರೆ, ಮಗು ಹೆದರಿರಬಹುದು ಎಂದು ಅವರು ಅಂದುಕೊಂಡದ್ದರಲ್ಲಿ ಅರ್ಥವಿದೆ.

ಮಧ್ಯಾಹ್ನವೆಲ್ಲ ಹೊಸ ಸಾಲು ಬರೆದೆ. ಆನೆಯ ಕಾಲಿಗೆ ಕಾಲಾವಕಾಶ ಕೊಡಿ ಎಂದೊಂದು, ಇನ್ನೂ ಏನೇನೋ. ಮೇಡಂ ಯಾವುದನ್ನೂ ಒಪ್ಪಲಿಲ್ಲ. “ಪದಗಳ ಆಟ ಬೇಡ ಸರ್, ಆನೆಗೆ ಏನಾಯ್ತೋ ಅಷ್ಟನ್ನ ಹೇಳಿ.” ಕೊನೆಗೆ ಸುಸ್ತಾಗಿ ಬರೆದೆ: “ಕಾಲು ಒದ್ದೆ. ಅಷ್ಟೇ.” ಅದನ್ನು ಇಟ್ಟುಕೊಂಡರು. ಇಪ್ಪತ್ತು ಸಾಲಿನಲ್ಲಿ ಅತ್ಯಂತ ಸಪ್ಪೆಯದು.

ಇಷ್ಟೂ ಸಾಲದೆಂದು ಗುರುತ್ವರಾಯರು ಆನೆಯ ತೂಕವನ್ನೂ ಇಳಿಸಿದ್ದಾರೆ. ಮೇಲಾಗಿ ಯಜಮಾನರು ಹೇಳಿದರು, “ಮುಂದಿನ ಶನಿವಾರ ಮಗೂನ ಕರ್ಕೊಂಡು ಬನ್ನಿ. ಮೇಡಂ ಎದುರಿಗೇ ಆಡಲಿ. ಐಸ್‌ಕ್ರೀಮ್ ನನ್ನ ಲೆಕ್ಕ.”

ಅಕ್ಟೋಬರ್ ೧೮, ಭಾನುವಾರ

ಇವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎಲ್ಲ ಎಂದರೆ, ಬಹುತೇಕ ಎಲ್ಲ.

“ಅಂದ್ರೆ,” ಎಂದಳು ನಿಧಾನವಾಗಿ, “ನಾವು ಊರಲ್ಲಿಲ್ಲ ಅಂತ ಒಂದು ಮಾತು ಹೇಳೋದು ಬಿಟ್ಟು, ಎರಡು ವಾರ ಮಗುವಿನ ಹೆಸರಲ್ಲಿ ಆಟ ಆಡಿದ್ರಿ.”

“ಆಡಿದ್ದಲ್ಲ, ನಟಿಸಿದ್ದು. ದೊಡ್ಡವನು ಅಂತ ಗೊತ್ತಾಗಬಾರದು ಅಂತ ಬೇಕಂತಲೇ ಸೋಲ್ತಿದ್ದೆ. ಮಕ್ಕಳ ತಜ್ಞರಿಗೇ ಗೊತ್ತಾಗಲಿಲ್ಲ, ಅಷ್ಟು ಚೆನ್ನಾಗಿ.”

“ಈಗ ಶನಿವಾರ ನಿಜವಾದ ಮಗು ಬೇಕು.”

“ಹೂಂ.”

“ಕೆಲಸ ಹೋಗುತ್ತಾ?”

“ಗೊತ್ತಿಲ್ಲ.”

“ನೀವು ಈಗ ಗೊತ್ತಿಲ್ಲ ಅಂದ್ರಿ,” ಎಂದಳು, ಏನೋ ವಿಚಿತ್ರ ಕಂಡವಳಂತೆ. “ಬರ್ತೀವಿ. ಭಾನುವಾರ ಸಂಜೆಯೊಳಗೆ ನಾನು ಅವರಿಗೆ ಹೇಳ್ಬೇಕು. ಅಷ್ಟರೊಳಗೆ ನೀವು ನನಗೆ ಹೇಳ್ಬೇಕು. ನೀವು ಬಂದ್ರೆ ಒಂದು ಲೆಕ್ಕ, ಬರದಿದ್ರೆ ಒಂದು ಲೆಕ್ಕ. ಎರಡೂ ಲೆಕ್ಕ ನನಗೆ ಬರುತ್ತೆ. ಗೊತ್ತಿಲ್ದೆ ಇರೋದು ಮಾತ್ರ ಆಗಲ್ಲ ಕಣ್ರೀ.”

ಅಕ್ಟೋಬರ್ ೨೦, ಮಂಗಳವಾರ

ಹೋದರೆ ಈ ಕೆಲಸ ಬಿಡಬೇಕು. ಬಿಟ್ಟರೆ ಅಲ್ಲಿ ಬೇರೆ ಸಿಗಬಹುದು. ಸಿಗದಿರಬಹುದು. ಪಿಟೀಲಿಗೆ ಹೊಸ ಶಾಲೆ. ಅವಳು ಮೊದಲ ದಿನವೇ ಯಾರನ್ನಾದರೂ ಹೊಡೆದು ಸ್ನೇಹ ಮಾಡಿಕೊಳ್ಳುತ್ತಾಳೆ. ನಾನು ಯಾರನ್ನು ಹೊಡೆಯಲಿ? ಹೋಗದಿದ್ದರೆ ಎಲ್ಲ ಹೀಗೇ ಇರುತ್ತದೆ. ಹೀಗೇ ಎಂದರೆ ಈ ಮನೆ, ಈ ಬ್ರೆಡ್ಡು, ಈ ಟ್ಯಾಬ್ಲೆಟ್ಟು. ಇವಳು ಹೋಗುತ್ತಾಳೆ ಎಂಬುದು ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಇದ್ದಕ್ಕಿದ್ದಂತೆ ಅರ್ಥವಾಯಿತು. ನಾನು ಉತ್ತರ ಕೊಡದಿದ್ದರೆ ಪ್ರಶ್ನೆ ನಿಂತಿರುತ್ತದೆ ಎಂದುಕೊಂಡಿದ್ದೆ. ನಿಂತಿರುವುದಿಲ್ಲ. ಅದು ರೈಲು ಹತ್ತುತ್ತದೆ.

ಮಧ್ಯಾಹ್ನ ಮೊಲವೊಂದಕ್ಕೆ ಸಾಲು ಬರೆಯಬೇಕಿತ್ತು, ಏನೂ ಹೊಳೆಯಲಿಲ್ಲ. “ನನಗೆ ಗೊತ್ತಿಲ್ಲ” ಎಂದು ಬರೆದಿಟ್ಟು ಬಂದೆ.

ಸಂಜೆ ಆಡಿದೆ. ಆನೆ ಹಗುರಾಗಿದೆ. ಆದರೂ.

ಅಕ್ಟೋಬರ್ ೨೪, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇಬ್ಬರೂ ಬೆಳಗಿನ ಬಸ್ಸಿಗೆ ಬಂದು ನೇರ ಆಫೀಸಿಗೇ ಬಂದರು. ಪಿಟೀಲು ಎಲ್ಲರ ಎದುರು ನನ್ನ ಸೊಂಟ ತಬ್ಬಿಕೊಂಡು, “ಅಪ್ಪಾ, ನಿನ್ನ ಅಂಗಿ ವಾಸನೆ,” ಎಂದಳು. ಮೇಡಂ ಅವಳನ್ನು ಬಣ್ಣದ ಕುರ್ಚಿಯ ಮೇಲೆ ಕೂರಿಸಿ ಟ್ಯಾಬ್ಲೆಟ್ ಕೊಟ್ಟರು. ನಾವೆಲ್ಲ ಗೋಡೆಗೆ ಒರಗಿ ನಿಂತೆವು: ಯಜಮಾನರು, ಗುರುತ್ವರಾಯರು, ನಾನು, ನನ್ನ ಪಕ್ಕದಲ್ಲಿ ಇವಳು.

ಏಳನೆಯ ಹಂತ. ಪಿಟೀಲು ಆನೆಯನ್ನು ಎಳೆದು ಹಲಗೆಯ ಕಟ್ಟಕಡೆಯ ತುದಿಗೆ ಹಾಕಿದಳು. ಇಟ್ಟಳು ಎನ್ನಲಾಗದು, ಒಗೆದಳು. ಹಲಗೆ ವಾಲಿ ನೀರಿಗೆ ಬಡಿಯಿತು. “ಕಾಲು ಒದ್ದೆ. ಅಷ್ಟೇ,” ಎಂದಿತು ಆನೆ. ಪಿಟೀಲು ಕೇಕೆ ಹಾಕಿದಳು. “ಒದ್ದೆ, ಒದ್ದೆ, ಒದ್ದೆ,” ಎನ್ನುತ್ತ ಕರಡಿಯನ್ನೂ ಬಾತುಗಳನ್ನೂ ಆಚೆ ತುದಿಗೆ ಗುಡ್ಡೆ ಹಾಕಿದಳು. ಹಲಗೆ ಎದ್ದಿತು. ಆದರೆ ಅತ್ತ ಜಾಸ್ತಿಯಾಗಿ ಬಾತುಗಳು ನೀರಿಗೆ ಬಿದ್ದವು.

“ಈ ಆನೆಗೆ ತೂಕಾನೇ ಇಲ್ಲ,” ಎಂದಳು ಬೇಜಾರಿನಿಂದ. “ಹುಷಾರಿಲ್ವಾ ಇದಕ್ಕೆ?” ಆಮೇಲೆ ಬಾತುಗಳನ್ನೆತ್ತಿ ಒಂದಿಷ್ಟು ಒಳಗೆ ಸರಿಸಿದಳು. ಗಂಟೆ ಬಾರಿಸಿತು. “ಇನ್ನೊಂದು ಕೊಡಿ ಆಂಟಿ.”

ಮೇಡಂ ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. ಹಳೆಯ ಆಟವನ್ನು ಗೋಡೆಯ ಮೇಲೆ ಓಡಿಸಿದರು. ಬಿಳಿ ಚುಕ್ಕೆ ಆನೆಯನ್ನು ಪಕ್ಕಕ್ಕೆ ಒಯ್ದಿತು, ನಿಂತಿತು, ವಾಪಸ್ಸು ತಂದಿತು, ನಡುವೆ ಇಟ್ಟಿತು, ಮತ್ತೆ ಎತ್ತಿತು, ಮತ್ತೆ ಅಲ್ಲೇ ಇಟ್ಟಿತು.

ಪಕ್ಕದಲ್ಲಿ ನಿಂತ ಇವಳು ಒಂದು ನಗೆ ತಡೆದಳು. ನಾನು ನೋಡಿದೆ. ನಗೆಯೂ ಅಲ್ಲ, ಏನೋ. “ಹೋಟೆಲಿಗೆ ಹೋದಾಗ ತಿಂಡಿ ಪಟ್ಟಿ ಹೀಗೇ ನೋಡ್ತಾರೆ,” ಎಂದಳು ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ.

ಇನ್ನು ಉಳಿದಿದ್ದೇನು? “ಅದು ನಾನು,” ಎಂದೆ. “ಮಗು ಊರಲ್ಲಿರಲಿಲ್ಲ. ದೊಡ್ಡವನು ಅಂತ ಗೊತ್ತಾಗಬಾರದು ಅಂತ ಮಗುವಿನ ಹಾಗೆ ನಟಿಸಿದೆ. ಬೇಕೆಂದೇ ಸೋಲ್ತಿದ್ದೆ.”

ಮೊದಲು ಬಾಯಿ ಬಿಟ್ಟವರು ಗುರುತ್ವರಾಯರು. “ನಿಮಗೋಸ್ಕರ ಆ ಆನೆಗೆ ವಾರವಿಡೀ ಉಪವಾಸ ಹಾಕಿದ್ದೀನಲ್ಲ ಮಹಾರಾಯರೇ. ಈಗ ಪುನಃ ಮೇಯಿಸ್ಬೇಕು.” ಯಜಮಾನರು ನಗಬೇಕೋ ಬಯ್ಯಬೇಕೋ ಗೊತ್ತಾಗದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಸೋಮವಾರ ಮಾತಾಡೋಣ ಎಂದರು. “ಆದರೂ ನಟನೆ ಅಂದ್ರೆ ನಟನೆ ಕಣ್ರೀ, ಮೇಡಂಗೇ ಟೋಪಿ,” ಎಂದೂ ಅಂದರು. ಮೇಡಂ ಪೆನ್ನಿನ ಮುಚ್ಚಳ ಮತ್ತೆ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು. ಟೋಪಿ ಹಾಕಿಸಿಕೊಂಡವರ ಮುಖ ಹಾಗಿರುವುದಿಲ್ಲ.

ಐಸ್‌ಕ್ರೀಮ್ ಮಾತ್ರ ಬಂತು. ಪಿಟೀಲು ಎರಡು ತಿಂದಳು.

ಅಕ್ಟೋಬರ್ ೨೫, ಭಾನುವಾರ

ಬೆಳಿಗ್ಗೆ ಇವಳು ಅಡುಗೆಮನೆಯ ಸ್ಥಿತಿ ನೋಡಿ ಪಾತ್ರೆ ತೊಳೆಯಲು ನಿಂತಳು. ನಾನು ಒರೆಸಲು ನಿಂತೆ. ಪಿಟೀಲು ಒಳಗೆ ಟ್ಯಾಬ್ಲೆಟ್ಟಿನಲ್ಲಿ ಯಾರನ್ನೋ ನೀರಿಗೆ ಬೀಳಿಸುತ್ತಿದ್ದಳು.

“ಇವತ್ತು ಭಾನುವಾರ,” ಎಂದಳು ಇವಳು.

“ಬರ್ತೀನಿ,” ಎಂದೆ. “ನಾನೂ ಬರ್ತೀನಿ, ನಿಮ್ಮಿಬ್ಬರ ಜೊತೆ, ಅಲ್ಲಿ ಇರೋದಕ್ಕೆ.”

ಅವಳು ಕೈಯಲ್ಲಿದ್ದ ಲೋಟವನ್ನು ಎಷ್ಟೋ ಹೊತ್ತು ತೊಳೆದಳು.

“ಅಲ್ಲಿ ಏನ್ ಮಾಡ್ತೀರಿ?”

“ಗೊತ್ತಿಲ್ಲ.”

“ಭಯ ಆಗ್ತಿದೆಯಾ?”

“ಹೂಂ.”

ನಲ್ಲಿ ನಿಲ್ಲಿಸಿದಳು. ತಿರುಗಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದಳು, ಬಾಯಿಯ ಅಚ್ಚು ನೋಡುವ ಹಾಗೆ, ಎಲ್ಲಿ ಸಂದಿಯಿದೆ ಎಂದು.

“ನಂಬಬೇಕು ಅನ್ಸುತ್ತೆ ಕಣ್ರೀ. ಆದ್ರೆ ನಿನ್ನೆ ಅವರೆಲ್ಲರ ಎದುರಿಗೆ ನೀವೇ ಹೇಳಿದ್ರಲ್ಲ, ಅಷ್ಟು ದಿನ ನಟಿಸಿದ್ದು ಅಂತ. ಮಕ್ಕಳ ಮನಸ್ಸು ಓದೋ ಮೇಡಂಗೇ ಗೊತ್ತಾಗದ ಹಾಗೆ ನಟಿಸೋ ಮನುಷ್ಯ, ನನ್ನ ಮುಂದೆ ನಿಂತು ಬರ್ತೀನಿ ಅಂದ್ರೆ, ಇದೂ ಹಾಗೇ ಅಲ್ಲ ಅಂತ ನಾನು ಹೇಗೆ ತಿಳ್ಕೊಳ್ಳಿ? ಅಲ್ಲಿಗೆ ಬಂದು ತಿಂಗಳಿಗೆ ವಾಪಸ್ ಹೊರಟ್ರೆ? ಆ ಲೆಕ್ಕ ನನಗೆ ಬರಲ್ಲ.”

ಸರಿಯಾದ ಪ್ರಶ್ನೆ. ಒಳ್ಳೆಯ ನಟನೆಂಬ ಹೆಸರು, ಅವಳ ನಂಬಿಕೆ, ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬಹುದಿತ್ತು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟೆ.

“ನಟಿಸ್ಲಿಲ್ಲ,” ಎಂದೆ.

“ಏನು?”

“ಆಟದಲ್ಲಿ. ನಾನು ನಟಿಸ್ಲಿಲ್ಲ. ಬೇಕಂತ ಸೋಲ್ಲಿಲ್ಲ. ನಿಜವಾಗ್ಲೂ ಆಡ್ತಿದ್ದೆ. ನನಗೆ ಬರ್ಲಿಲ್ಲ.”

ಅವಳ ತುಟಿ ಅಲುಗಿತು. “ಒಂದು ದಿನಾನೂ?”

“ಒಂದು ದಿನಾನೂ.”

“ಆನೆ ತೂಕ ಇಳಿಸಿದ ಮೇಲೂ?”

“ಇಳಿಸಿದ ಮೇಲೂ.”

ಆಗ ನಕ್ಕಳು. ಒಲೆಯ ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಇಷ್ಟು ವರ್ಷ ನಾನು ಎಷ್ಟೋ ಕಷ್ಟಪಟ್ಟು ಕಟ್ಟಿದ ಯಾವ ಮಾತಿಗೂ ಅವಳು ಹೀಗೆ ನಕ್ಕದ್ದಿಲ್ಲ. ಪಿಟೀಲು ಏನಾಯ್ತೆಂದು ಓಡಿ ಬಂದಳು. ಇವಳು ಮುಖ ಒರೆಸಿಕೊಂಡು ಫೋನ್ ತೆಗೆದು, ಹಲ್ಲಿನ ಕಂಪನಿಯವರಿಗೆ ನನ್ನೆದುರಿಗೇ ಹೇಳಿದಳು, “ಹೂಂ ಸರ್, ಒಪ್ಪಿದೀನಿ. ಮೂರು ಜನ ಬರ್ತೀವಿ. ಮನೆ ಸ್ವಲ್ಪ ದೊಡ್ಡದು ನೋಡಿ.”

ಈ ಪುಟಗಳನ್ನು ಈಗ ಹಿಂದಕ್ಕೆ ತಿರುಗಿಸಿ ನೋಡಿದೆ. ‘ಬೇಕೆಂದೇ ಸೋತೆ’ ಎಂದು ಎಲ್ಲೆಲ್ಲೂ ಬರೆದಿದ್ದೇನೆ, ನಾನೊಬ್ಬನೇ ಓದುವ ಜಾಗದಲ್ಲಿ, ಯಾರಿಗೆ ಹೇಳುತ್ತಿದ್ದೆನೋ. ಹೊಡೆದುಹಾಕಲಿಲ್ಲ, ಹಾಗೇ ಇರಲಿ.

ಊಟವಾದ ಮೇಲೆ ಪಿಟೀಲು ನನ್ನ ತೊಡೆಯ ಮೇಲೆ ಕೂತು, ನನ್ನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಆನೆಯನ್ನು ಎಲ್ಲಿಡಬೇಕು, ಯಾವಾಗ ಬಿಡಬೇಕು, ಎಲ್ಲ ಸಾವಧಾನವಾಗಿ ಹೇಳಿಕೊಟ್ಟಳು. “ಈಗ ನೀನೊಬ್ಬನೇ ಮಾಡು ಅಪ್ಪಾ,” ಎಂದು ಕೈ ಬಿಟ್ಟಳು.

ಮಾಡಿದೆ. ಸೋತೆ.